ತುರುಪು ಕೇಳಿದ ತಪ್ಪಿಗೆ

ಜೂಜಾಡಿ ಹಾಳಾದವರನ್ನು ನೀವು ನೋಡಿರುತ್ತೀರಿ. ಒಂದು ಬಿಡಿಗಾಸನ್ನೂ ಪಣಕ್ಕಿಡದೆ, ಬರೀ ಇಸ್ಪೀಟು ಆಡಿ ಹಾಳಾದ ಮನುಷ್ಯನನ್ನು ನೋಡಬೇಕೆಂಬ ಆಸೆಯಿದ್ದರೆ ದೆಹಲಿಯ ಕಿದ್ವಾಯಿ ನಗರಕ್ಕೆ ಬಂದು, ಸರ್ಕಾರಿ ಕ್ವಾರ್ಟರ್ಸಿನಲ್ಲಿ ದಕ್ಷಿಣಾಮೂರ್ತಿಯ ಮನೆ ಯಾವುದೆಂದು ಕೇಳಿ. ಯಾರೂ ಹೇಳುವುದಿಲ್ಲ. (ಇಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿರುವುದು ಪೋಸ್ಟ್‌ಮನ್‌ಗೆ ಮಾತ್ರ. ಅವನೂ ಅರ್ಧಕ್ಕರ್ಧ ಊಹೆಯ ಮೇಲೆ ನಡೆಯುತ್ತಾನೆ.) 'ಮದ್ರಾಸಿಯ ಮನೆ' ಎಂದು ಕೇಳಿದರೆ ತರಕಾರಿ ಭಯ್ಯಾ ಕೂಡ ಬಂದು ಬಾಗಿಲು ತೋರಿಸುತ್ತಾನೆ. ತುಮಕೂರಿನವನಾದ ನಾನು ಈ ಊರಿಗೆ ಬಂದಾಗಿನಿಂದ ಮದ್ರಾಸಿ. ಅದಕ್ಕಾಗಿ ದುಃಖಪಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಈಗಿನ ದುಃಖಕ್ಕೆ ಕಾರಣ ಬೇರೆ.

ನಾನು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ನಿಯಮಗಳಿಗೆ ಅರ್ಥ ಹೇಳುವುದು ನನ್ನ ಉದ್ಯೋಗ. ಸ್ವಂತ ಊರಿಗೆಂದು ರೈಲಿನ ಖರ್ಚು ಪಡೆದು ಹೊರಟ ನೌಕರ ನಡುದಾರಿಯಲ್ಲೇ ಮಾವನ ಮನೆಯಲ್ಲಿ ಇಳಿದುಬಿಟ್ಟರೆ ಉಳಿದ ದಾರಿಯ ಖರ್ಚು ವಾಪಸು ಪಡೆಯಬೇಕೆ, ಬೇಡವೆ? ಇಂಥ ಘನ ಪ್ರಶ್ನೆಗಳು ದೇಶದ ಮೂಲೆಮೂಲೆಯಿಂದ ನನ್ನ ಮೇಜಿಗೆ ಬರುತ್ತವೆ. ನಾನು ಸ್ಪಷ್ಟೀಕರಣ ಬರೆಯುತ್ತೇನೆ. ಅದನ್ನು ಓದಿದವರು, ಈ ಸ್ಪಷ್ಟೀಕರಣಕ್ಕೆ ಒಂದು ಸ್ಪಷ್ಟೀಕರಣ ಬೇಕೆಂದು ಮತ್ತೆ ಬರೆಯುತ್ತಾರೆ. ಹೀಗೆ ನಮ್ಮ ಸೆಕ್ಷನ್ ಜೀವಂತವಾಗಿದೆ.

ಮನೆಯಲ್ಲಿ ಮಾತ್ರ ನಿಯಮಗಳಿಗೆ ಅರ್ಥ ಹೇಳುವ ಅಧಿಕಾರ ನನ್ನ ಹೆಂಡತಿ ರತ್ನಪ್ರಭಳದು. ನಿಯಮ ಮಾಡುವವಳೂ ಅವಳೇ ಆದದ್ದರಿಂದ ಅಲ್ಲಿ ಗೊಂದಲಕ್ಕೆ ಆಸ್ಪದವಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ನಾನು ಸರ್ಕಾರದವನು. ಶನಿವಾರ ಅವಳವನು. ಸರೋಜಿನಿ ನಗರದ ಮಾರ್ಕೆಟ್ಟು, ಹಿಟ್ಟಿನ ಗಿರಣಿ, ಇಸ್ತ್ರಿಯವನ ಜೊತೆ ಜಗಳ, ಎಲ್ಲ ಅಂದೇ. ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿನಿಂದ ಊಟದ ಹೊತ್ತಿನವರೆಗೆ ಮಾತ್ರ ನಾನು ನನ್ನವನಾಗಿದ್ದೆ. ಆ ಹೊತ್ತಿನಲ್ಲಿ ನಮ್ಮ ಮನೆಯ ಹಾಲಿನಲ್ಲಿ ಜಮಖಾನ ಹಾಸಿ ನಾವು ನಾಲ್ವರು ಇಪ್ಪತ್ತೆಂಟು ಆಡುತ್ತಿದ್ದೆವು.

ಆ ನಾಲ್ವರ ಪರಿಚಯ ಹೇಳಿಬಿಡುತ್ತೇನೆ. ಒಬ್ಬ ನಾನು. ನನ್ನ ಎದುರು ಕೂರುವ ಜೋಡಿಗಾರ ವೆಂಕಟಸುಬ್ಬಯ್ಯ, ಎದುರಿನ ಬ್ಲಾಕಿನವನು, ಕೆಲಸ ಆಡಿಟ್‌ನಲ್ಲಿ. ಅವನ ವಿಶೇಷವೆಂದರೆ ತಪ್ಪು ನಡೆಯುವಾಗ ತುಟಿಪಿಟಕ್ಕೆನ್ನುವುದಿಲ್ಲ. ಎಲ್ಲ ಮುಗಿದು, ಗೆದ್ದವರು ಗೆದ್ದೆವೆಂದು ಸಂತೋಷಪಟ್ಟು, ಎಲೆಗಳನ್ನು ಕಲೆಸಿದ ಮೇಲೆ ಆಕ್ಷೇಪಣೆ ಎತ್ತುತ್ತಾನೆ. ಇನ್ನೊಂದು ಜೋಡಿಯಲ್ಲಿ ಗುಂಡಣ್ಣ. ಎರಡು ಬಸ್ಸು ಬದಲಿಸಿಕೊಂಡು ಪೀತಮ್‌ಪುರದಿಂದ ಬರುತ್ತಾನೆ. ಯಾರು ಕೊನೆಯಲ್ಲಿ ಮಾತಾಡಿದರೋ ಅವರ ಮಾತನ್ನು ಒಪ್ಪುವುದು ಅವನ ಧರ್ಮ. ಅವನ ಜೋಡಿಗಾರರು ಸುಬೇದಾರ್ ಉತ್ತಯ್ಯನವರು, ಕೊಡಗಿನವರು, ಕಂಟೋನ್‌ಮೆಂಟಿನಿಂದ ಸ್ಕೂಟರಿನಲ್ಲಿ ಹತ್ತು ಗಂಟೆಗೆ ಸರಿಯಾಗಿ ಬಂದು, ನಾವು ಮೂವರು ತಡವಾಗಿ ಸೇರುವುದನ್ನು ಗಡಿಯಾರ ನೋಡುತ್ತ ಸಹಿಸಿಕೊಳ್ಳುವವರು.

ಇಪ್ಪತ್ತೆಂಟು ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇಪ್ಪತ್ತೆಂಟು ಅಂಕಗಳಲ್ಲಿ ಇಷ್ಟು ಗೆಲ್ಲುತ್ತೇನೆಂದು ಎಲ್ಲರಿಗಿಂತ ಹೆಚ್ಚು ಕೂಗಿದವನು ತನ್ನ ಒಂದು ಎಲೆಯನ್ನು ಬೋರಲಾಗಿ ಇಡುತ್ತಾನೆ. ಆಟೀನು, ಡೈಮಂಡು, ಇಸ್ಪೀಟು, ಕಳಾವರ್ ಎಂಬ ನಾಲ್ಕರಲ್ಲಿ ಅದು ಯಾವ ಬಣ್ಣವೋ ಅದೇ ತುರುಪು, ಮತ್ತು ಅದು ಅವನಿಗೊಬ್ಬನಿಗೇ ಗೊತ್ತು. ಇಳಿದ ಬಣ್ಣ ನಿಮ್ಮ ಕೈಯಲ್ಲಿ ಇಲ್ಲದಿದ್ದಾಗ 'ತುರುಪು ತೆಗೀರಿ' ಎಂದು ನೀವು ಕೇಳಬಹುದು. ಕೇಳಿದರೆ ಅವನು ಮಗುಚಿ ತೋರಿಸಬೇಕು. ನಿಮ್ಮಲ್ಲಿ ಆ ಬಣ್ಣವಿದ್ದರೆ ಹೊಡೆದು ಆ ಸುತ್ತನ್ನು ಬಾಚಿಕೊಳ್ಳಬಹುದು. ಈ ಆಟದಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಅವನ ನಂತರ ಒಂಬತ್ತು. ರಾಜ ರಾಣಿಯರಿಗೆ ಕವಡೆ ಕಿಮ್ಮತ್ತಿಲ್ಲ. (ಒಂದು ಜೀವಮಾನ ಸಚಿವಾಲಯದಲ್ಲಿ ಸವೆದವನಿಗೆ ಈ ಆಟ ಯಾಕೆ ಇಷ್ಟವಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.)

ಈಗ ಪ್ರಶ್ನೆಗೆ ಬರೋಣ. ತುರುಪು ತೆಗೆಯಿರಿ ಎಂದು ಕೇಳಿದವನ ಕೈಯಲ್ಲಿ ತುರುಪು ಇದ್ದರೆ ಅವನು ಹೊಡೆಯಲೇಬೇಕೆ? ಇಲ್ಲ, 'ಓ ಇದೋ' ಎಂದು ನೋಡಿಕೊಂಡು, ಕೆಲಸಕ್ಕೆ ಬಾರದ ಇನ್ಯಾವುದೋ ಎಲೆ ಎಸೆದು ಸುಮ್ಮನಿರಬಹುದೆ? ನಾನು ಈ ಆಟ ಕಲಿತದ್ದು ಮೈಸೂರಿನ ಹಾಸ್ಟೆಲಿನಲ್ಲಿ. ಅಲ್ಲಿ ಸುಮ್ಮನಿರಬಹುದಿತ್ತು. ಉತ್ತಯ್ಯನವರು ಕಲಿತದ್ದು ಅಜ್ಜನ ಜಗಲಿಯಲ್ಲಿ, ಆಮೇಲೆ ಪಳಗಿದ್ದು ರೆಜಿಮೆಂಟಿನಲ್ಲಿ. ಎರಡು ಕಡೆಯೂ ಕೇಳಿದವನು ಹೊಡೆಯಲೇಬೇಕು. ವೆಂಕಟಸುಬ್ಬಯ್ಯ ಉಡುಪಿಯ ಕಡೆಯ ಸಹೋದ್ಯೋಗಿಗಳಿಂದ ಕಲಿತ. ಅಲ್ಲಿಯ ನಿಯಮ ಏನೆಂದು ಕೇಳಿದರೆ, ಕೈಯಲ್ಲಿರುವ ಎಲೆಗಳನ್ನು ಒಮ್ಮೆ ನೋಡಿಕೊಂಡು ಉತ್ತರ ಹೇಳುತ್ತಾನೆ. ಗುಂಡಣ್ಣ ಆಟ ಕಲಿತದ್ದು ನಮ್ಮಿಂದಲೇ, ಹಾಗಾಗಿ ಅವನಿಗೆ ಎಲ್ಲವೂ ಸರಿ.

ಇಷ್ಟು ವರ್ಷ ಈ ಪ್ರಶ್ನೆ ಏಳಲಿಲ್ಲವೆ ಎಂದರೆ, ಎದ್ದಿತ್ತು. ಎದ್ದಾಗಲೆಲ್ಲ ಉಪ್ಪಿಟ್ಟು ಬಂದಿತ್ತು. ಬಾಯಿ ತುಂಬ ಉಪ್ಪಿಟ್ಟು ಇಟ್ಟುಕೊಂಡು ಯಾರೂ ಸಿದ್ಧಾಂತಕ್ಕಾಗಿ ಹೋರಾಡಿದ್ದಿಲ್ಲ. ಆದರೆ ಮೇ ತಿಂಗಳ ಆ ಕರಾಳ ಭಾನುವಾರ ನಮ್ಮ ಮನೆಯ ಗ್ಯಾಸು ಮುಗಿದುಹೋಗಿತ್ತು. ರತ್ನಪ್ರಭ ಪಕ್ಕದ ಮನೆಯವರಿಂದ ಸಿಲಿಂಡರ್ ಕೇಳಿ ತರುವಷ್ಟರಲ್ಲಿ ನನ್ನ ಬದುಕು ಬುಡಮೇಲಾಯಿತು.

ಉತ್ತಯ್ಯನವರು ಇಪ್ಪತ್ತು ಕೂಗಿ ತುರುಪು ಇಟ್ಟಿದ್ದರು. ಆಟದ ನಡುವೆ ಕಳಾವರ್ ಇಳಿಯಿತು. ನನ್ನಲ್ಲಿ ಕಳಾವರ್ ಇರಲಿಲ್ಲ. ತುರುಪು ತೆಗೀರಿ ಎಂದೆ. ಅವರು ಮಗುಚಿದರು. ಆಟೀನು. ನನ್ನ ಕೈಯಲ್ಲಿ ಒಂದೇ ಒಂದು ಆಟೀನು ಇತ್ತು, ಅದು ಸಾಕ್ಷಾತ್ ಗುಲಾಮ. ಇಳಿದಿದ್ದ ಎಲೆಗಳು ಮೂರು ಕಾಸಿನವು. ಅಂಥ ಬಡ ಸುತ್ತಿಗೆ ಗುಲಾಮನನ್ನು ಬಲಿಕೊಡಲು ಮನಸ್ಸಾಗಲಿಲ್ಲ. ಒಂದು ಡೈಮಂಡು ಏಳು ಎಸೆದು ಫ್ಯಾನು ನೋಡುತ್ತ ಕೂತೆ. ಮುಂದೆ ಉತ್ತಯ್ಯನವರು ಎದೆಯುಬ್ಬಿಸಿ ಆಟೀನ್ ಒಂಬತ್ತು ಇಳಿಸಿದಾಗ ಅದರ ತಲೆಯ ಮೇಲೆ ಗುಲಾಮನನ್ನು ಕೂರಿಸಿದೆ. ಅವರ ಇಪ್ಪತ್ತು ಅಲ್ಲೇ ಮಲಗಿತು. ಹಾ, ಆ ಒಂದು ಕ್ಷಣ ಎಂಥ ಸುಖವಿತ್ತೆಂದರೆ, ಅದರ ಬಡ್ಡಿಯನ್ನು ಈವರೆಗೂ ಕಟ್ಟುತ್ತಿದ್ದೇನೆ.

ಉತ್ತಯ್ಯನವರು ಎಲೆಗಳನ್ನು ಕೆಳಗಿಟ್ಟರು. "ಮೂರ್ತಿಗಳೇ, ಆವಾಗ ತುರುಪು ಕೇಳಿದ್ರಲ್ಲ, ಆವಾಗ ಇದು ಕೈಯಲ್ಲಿ ಇತ್ತು."

"ಇತ್ತು," ಎಂದೆ. "ಕೇಳೋದು ನನ್ನ ಹಕ್ಕು. ಹೊಡಿಯೋದು ನನ್ನ ಇಷ್ಟ."

"ಬಂದೂಕು ಕೊಡಿ ಅಂತ ಕೇಳಿ ಇಸ್ಕೊಂಡು ಅದನ್ನ ಊರುಗೋಲು ಮಾಡ್ಕೊಂಡು ನಡಿಯೋದು ನಮ್ಮಲ್ಲಿ ಇಲ್ಲ."

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಯಮವೊಂದು ಅಸ್ಪಷ್ಟವಾಗಿ ಕಣ್ಣೆದುರು ಬಿದ್ದಿರುವಾಗ ಅದನ್ನು ಹಾಗೇ ಬಿಟ್ಟು ಹೋಗುವುದು ನನ್ನ ರಕ್ತದಲ್ಲಿಲ್ಲ. ಅನುಮತಿ ನೀಡುವ ನಿಯಮ ಬೇರೆ, ಆಜ್ಞೆ ಮಾಡುವ ನಿಯಮ ಬೇರೆ ಎಂದು ಆರಂಭಿಸಿ, ಪೂರ್ವನಿದರ್ಶನಗಳನ್ನು ಉದ್ಧರಿಸಿ, ಮಾವನ ಮನೆಯಲ್ಲಿ ಇಳಿದುಕೊಂಡ ನೌಕರನವರೆಗೂ ಹೋದೆ. ಜೋಡಿಗಾರನಾದ ಕಾರಣ ವೆಂಕಟಸುಬ್ಬಯ್ಯ ನನ್ನ ಪಕ್ಷ ವಹಿಸಿದ. ಹಿಂದೊಮ್ಮೆ ತಾನು ಹೀಗೆಯೇ ಮಾಡಿದಾಗ ನೀನೇ ಕೂಡದು ಅಂದಿದ್ದೆಯಲ್ಲ ಎಂದು ಗುಂಡಣ್ಣ ಮೆಲ್ಲಗೆ ಕೇಳಿದ್ದಕ್ಕೆ, ಅಂದು ತುರುಪು ಇಸ್ಪೀಟು ಆಗಿತ್ತು, ಆ ಪ್ರಕರಣವೇ ಬೇರೆ ಎಂದುಬಿಟ್ಟ. ಗುಂಡಣ್ಣ ಅದನ್ನೂ ಒಪ್ಪಿದ. ಕೊನೆಗೆ ನಾನು ಹೇಳಬಾರದ ಮಾತೊಂದನ್ನು ಹೇಳಿದೆ. "ಉತ್ತಯ್ಯನವರೇ, ಇದು ಪರೇಡ್ ಮೈದಾನ ಅಲ್ಲ."

ಅವರು ಎದ್ದು, ಬಾಗಿಲ ಬಳಿ ಕೂತು, ಬೂಟಿನ ದಾರವನ್ನು ನಿಧಾನವಾಗಿ ಕಟ್ಟಿಕೊಂಡರು. ಅಷ್ಟರಲ್ಲಿ ಸಿಲಿಂಡರು ಸಿಕ್ಕು ಉಪ್ಪಿಟ್ಟು ತಟ್ಟೆಯಲ್ಲಿ ಬಂತು. "ರತ್ನಕ್ಕಾ, ಇವತ್ತು ಬೇಡ," ಎಂದು ಹೇಳಿ ಹೊರಟುಹೋದರು.

ರತ್ನಪ್ರಭಳ ಉಪ್ಪಿಟ್ಟನ್ನು ಬೇಡವೆಂದವರು ಈ ಭೂಮಿಯ ಮೇಲೆ ಅವರೊಬ್ಬರೇ. (ಒಳಗೊಳಗೆ ಅಂದುಕೊಂಡವರ ಮಾತು ಬೇರೆ. ಹೆಸರು ಹೇಳುವುದಿಲ್ಲ, ನಾನು ಇದೇ ಮನೆಯಲ್ಲಿ ಇರಬೇಕು.) ತಟ್ಟೆಯನ್ನು ಹಿಡಿದು ನಿಂತೇ ಅವಳು ವಿಷಯವೇನೆಂದು ಕೇಳಿದಳು. ಹೇಳಿದೆ.

"ಹೊಡೆದು ಬಿಸಾಕೋಕೆ ನಿಮಗೇನಾಗಿತ್ತು?" ಎಂದಳು. "ಒಂದು ಎಲೆಗೋಸ್ಕರ ಮನೆಗೆ ಬಂದೋರನ್ನ ಹಸಿದ ಹೊಟ್ಟೇಲಿ ಕಳಿಸಿದ್ರಲ್ಲ."

ಮುಂದಿನ ಭಾನುವಾರ ಉತ್ತಯ್ಯನವರು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮೂವರಿಂದ ಇಪ್ಪತ್ತೆಂಟು ಆಡಲಾಗುವುದಿಲ್ಲ. ಗುಂಡಣ್ಣ ಒಮ್ಮೆ ಬಂದು, ನಾವು ಮೂವರು ಮುಖ ಮುಖ ನೋಡಿಕೊಂಡು ಕೂತು, ಅವನು ಮತ್ತೆ ಎರಡು ಬಸ್ಸು ಹತ್ತಿ ವಾಪಸು ಹೋದ. ಖಾಲಿ ಬಿದ್ದ ನನ್ನ ಭಾನುವಾರವನ್ನು ರತ್ನಪ್ರಭ ಹೆಚ್ಚು ದಿನ ಖಾಲಿ ಬಿಡಲಿಲ್ಲ. ಒಂದು ವಾರ ಕೂಲರಿನೊಳಗೆ ನೀರು ಹೀರುವ ಹುಲ್ಲು ಬದಲಾಯಿಸಿದೆ. ಇನ್ನೊಂದು ವಾರ ಅವಳ ಕಡೆಯ ಯಾರೋ ನೆಂಟರನ್ನು ಆಗ್ರಾಕ್ಕೆ ಕರೆದುಕೊಂಡು ಹೋದೆ. ದೆಹಲಿಯಲ್ಲಿರುವ ಕನ್ನಡಿಗನ ಹಣೆಬರಹವೇ ಇದು. ಊರಿನಿಂದ ಬಂದವರಿಗೆಲ್ಲ ತಾಜಮಹಲು ಹೊಸದು, ನಮಗೆ ಮಾತ್ರ ಅಲ್ಲಿನ ಚಪ್ಪಲಿ ಕಾಯುವವನೂ ಹಾಲ್‌ಚಾಲ್ ವಿಚಾರಿಸುತ್ತಾನೆ. ಸುಡು ಬಿಸಿಲಿನಲ್ಲಿ ಅಮೃತಶಿಲೆಯ ಮೇಲೆ ಕಾಲು ಎತ್ತಿ ಎತ್ತಿ ಇಡುತ್ತ, ಹೆಂಡತಿ ಸತ್ತಳೆಂದು ಇಷ್ಟು ದೊಡ್ಡದು ಕಟ್ಟಿಸಿದ ಮಹಾರಾಯನಿಗೆ ಭಾನುವಾರ ಆಡಲು ಜೊತೆಗಾರರಿರಲಿಲ್ಲವೇನೋ ಅನ್ನಿಸಿತು.

ನಗಬೇಡಿ. ನನಗೆ ಅಳು ಬರುವುದೊಂದು ಬಾಕಿಯಿತ್ತು. ವಾರವೆಲ್ಲ ಹಿಂದಿಯಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ಬರೆಯುವವನು ನಾನು. ಭಾನುವಾರ ಕನ್ನಡದಲ್ಲಿ ಜಗಳವಾಡಲು ಈ ಊರಿನಲ್ಲಿ ನನಗೆ ಮೂರು ಜನ ಇದ್ದರು. ಆ ಮೂವರಲ್ಲಿ ಒಬ್ಬರನ್ನು ನನ್ನ ಕೈಯಾರೆ ಕಳೆದುಕೊಂಡಿದ್ದೆ. ಉತ್ತಯ್ಯನವರು ಬರದಿದ್ದರೆ ಉಳಿದಿಬ್ಬರೂ ಉದುರಿಹೋಗುತ್ತಾರೆ, ಆಮೇಲೆ ನಿವೃತ್ತಿಯವರೆಗೆ ಕೂಲರಿನ ಹುಲ್ಲೇ ಗತಿ ಎಂದು ಯೋಚಿಸಿ, ಒಂದು ಸಂಜೆ ಆಫೀಸಿನಿಂದ ನೇರ ಕಂಟೋನ್‌ಮೆಂಟಿಗೆ ಹೋದೆ.

ಬಾಗಿಲು ತೆರೆದವರು ಉತ್ತಯ್ಯನವರ ಪತ್ನಿ ಕಾವೇರಮ್ಮ. ನನ್ನನ್ನು ನೋಡಿ ಅವರ ಮುಖ ಅರಳಿದ್ದು ಕಂಡು ನನಗೇ ಆಶ್ಚರ್ಯವಾಯಿತು. ಧ್ವನಿ ತಗ್ಗಿಸಿ, "ಅಣ್ಣಾ, ಹೇಗಾದ್ರೂ ಮಾಡಿ ಭಾನುವಾರ ಇವರನ್ನ ಕರ್ಕೊಂಡು ಹೋಗಿ," ಎಂದರು. "ಅಡುಗೆಮನೆ ಡಬ್ಬ ಎಲ್ಲ ಎತ್ತರದ ಪ್ರಕಾರ ಸಾಲು ನಿಲ್ಸಿದ್ದಾರೆ. ಉಪ್ಪು ಯಾವುದು ಸೋಡ ಯಾವುದು ಅಂತ ನಂಗೇ ಗೊತ್ತಾಗಲ್ಲ."

ಉತ್ತಯ್ಯನವರು ಒಳಗೆ ಬನಿಯನ್ನಿನಲ್ಲಿ ಕೂತು ಸ್ಕೂಟರಿನ ಹೆಲ್ಮೆಟ್ಟು ಉಜ್ಜುತ್ತಿದ್ದರು. ಪರೇಡ್ ಮೈದಾನದ ಮಾತಿಗೆ ಕ್ಷಮೆ ಕೇಳಿದೆ. ಅದನ್ನು ಅವರು ಕೈಬೀಸಿ ತಳ್ಳಿಹಾಕಿದರು. ಆ ಮಾತಿಗಾಗಿ ಅಲ್ಲವಂತೆ. ನಾಲ್ಕು ಜನ ನಾಲ್ಕು ನಿಯಮ ಹೇಳುತ್ತ ಕೂತರೆ ಅದು ಆಟವಲ್ಲ, ಸಂತೆ. ಯಾರದಾದರೂ ಒಬ್ಬರ ಮಾತು ಕೊನೆಯ ಮಾತಾಗಬೇಕು, ಅದು ತಪ್ಪಾದರೂ ಸರಿ, ಹಾಗಿದ್ದರೆ ಈ ಭಾನುವಾರವೇ ಬರುತ್ತೇನೆ ಎಂದರು. ನಾನು ಆ ಕ್ಷಣವೇ ಒಪ್ಪಿದೆ. ವಾಪಸು ಬರುವ ಬಸ್ಸು ಹತ್ತುವ ಮೊದಲೇ ನನ್ನ ತಲೆಯಲ್ಲಿ ಒಂದು ಅದ್ಭುತ ಯೋಜನೆ ಹೊಳೆದಿತ್ತು.

ಯೋಜನೆ ಇಷ್ಟೇ: ಒಬ್ಬ ಅಂಪೈರ್ ನೇಮಕ. ಆ ಅಂಪೈರ್ ರತ್ನಪ್ರಭ. ಅವಳಿಗೆ ಆಟ ಬರುವುದಿಲ್ಲ, ಆದ್ದರಿಂದ ಪಕ್ಷಪಾತವಿಲ್ಲ. ಅಡುಗೆಮನೆಯಲ್ಲಿ ಇರುತ್ತಾಳೆ, ಆದ್ದರಿಂದ ಅಡ್ಡ ಬರುವುದಿಲ್ಲ. ವಿವಾದ ಎದ್ದಾಗ ಕೂಗಿ ಕರೆಯುವುದು. ಬಂದವಳಿಗೆ ವಿಷಯವನ್ನು ತಿಳಿಸಿ ಹೇಳಬೇಕಲ್ಲ, ಆ ಕೆಲಸ ನಾನು ಮಾಡುವುದು. ಸರ್ಕಾರದಲ್ಲಿ ಇದ್ದವರಿಗೆ ಗೊತ್ತು, ಸಹಿ ಯಾರದೇ ಇರಲಿ, ಟಿಪ್ಪಣಿ ಬರೆದವನದೇ ತೀರ್ಮಾನ.

ಭಾನುವಾರ ನಾಲ್ವರೂ ಸೇರಿದೆವು. ಉತ್ತಯ್ಯನವರನ್ನು ನೋಡಿ ಗುಂಡಣ್ಣನ ಕಣ್ಣು ಒದ್ದೆಯಾದದ್ದನ್ನು ನಾನು ಕಂಡೆ. ನನ್ನದೂ ಆಗಿತ್ತು, ಬೆವರೆಂದು ಒರೆಸಿಕೊಂಡೆ. ಉಪ್ಪಿಟ್ಟು ಮೊದಲೇ ಬಂತು. ತಿಂದ ಮೇಲೆ ನಾನು ಗಂಟಲು ಸರಿಪಡಿಸಿಕೊಂಡು ಪ್ರಸ್ತಾವನೆ ಮಂಡಿಸಿದೆ. ನಿಯಮ ಅಸ್ಪಷ್ಟವಿದ್ದಾಗ ಸಕ್ಷಮ ಪ್ರಾಧಿಕಾರವೊಂದು ಇರಬೇಕು ಎಂದೆ. ಆಡುವವರೇ ತೀರ್ಪು ಕೊಡಬಾರದು ಎಂದೆ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಬೆರಳೆತ್ತಿ ಹೇಳಿದೆ. ಎಷ್ಟು ಚೆನ್ನಾಗಿ ಮಾತಾಡಿದೆನೆಂದರೆ ಮೂವರೂ ತಲೆದೂಗುತ್ತಿದ್ದರು. ರತ್ನಪ್ರಭಳ ಹೆಸರು ನನ್ನ ನಾಲಗೆಯ ತುದಿಯಲ್ಲಿತ್ತು.

ಅಷ್ಟರಲ್ಲಿ ಉತ್ತಯ್ಯನವರು ಬಾಯಿ ತೆರೆದರು. "ಮೂರ್ತಿಗಳೇ, ನಿಮ್ಮ ಜೊತೆ ಜಗಳ ಆಡಿದ್ದು ನಾನೇ. ಆದ್ರೆ ಒಂದು ಮಾತು ಹೇಳ್ತೀನಿ. ನಮ್ಮಲ್ಲಿ ರೂಲು ತಿಳಿದೋರು ಯಾರಾದ್ರೂ ಇದ್ರೆ ಅದು ನೀವೇ. ನೀವೇ ಅಂಪೈರ್ ಆಗಿ. ನಿಮ್ಮ ಮಾತು ನಾನು ಕೇಳ್ತೀನಿ."

ಹೇಳಿದವರು ಶತ್ರುಪಕ್ಷದ ಸೇನಾಧಿಕಾರಿ. ಇಷ್ಟು ವರ್ಷದ ಸೇವೆಯಲ್ಲಿ ನನ್ನ ಮೇಲಧಿಕಾರಿಗಳ್ಯಾರೂ ಇಂಥ ಮಾತು ಆಡಿದ್ದಿಲ್ಲ. ನನ್ನ ಎದೆ ಪೂರಿಯಂತೆ ಉಬ್ಬಿತು. ನಿಮ್ಮೆಲ್ಲರ ವಿಶ್ವಾಸಕ್ಕೆ ಋಣಿ, ಈ ಜವಾಬ್ದಾರಿಯನ್ನು ವಿನಮ್ರನಾಗಿ ಸ್ವೀಕರಿಸುತ್ತೇನೆ ಎಂದುಬಿಟ್ಟೆ. ಗುಂಡಣ್ಣ ಚಪ್ಪಾಳೆ ತಟ್ಟಿದ. ಎಲ್ಲವೂ ಮುಗಿದ ಮೇಲೆ, ತನ್ನ ಪದ್ಧತಿಯಂತೆ, ವೆಂಕಟಸುಬ್ಬಯ್ಯ ಆಕ್ಷೇಪಣೆ ಎತ್ತಿದ.

"ಅಂದಮೇಲೆ ನೀನು ಆಡೋ ಹಾಗಿಲ್ಲ," ಎಂದ. "ಈಗ ತಾನೇ ಹೇಳಿದೆಯಲ್ಲ, ಆಡೋರು ತೀರ್ಪು ಕೊಡಬಾರದು ಅಂತ."

ನಾನು ಬಾಯಿ ತೆರೆದೆ. ಒಳಗೆ ಒಂದೂ ಪೂರ್ವನಿದರ್ಶನ ಸಿಗಲಿಲ್ಲ. ಹಾಗಾದರೆ ನಾಲ್ಕನೆಯವರು ಯಾರು, ಆಟವೇ ನಿಂತುಹೋಗುತ್ತದಲ್ಲ ಎಂದು ತೊದಲಿದೆ. ಅಡುಗೆಮನೆಯ ಬಾಗಿಲಲ್ಲಿ ರತ್ನಪ್ರಭ ಸೆರಗಿಗೆ ಕೈ ಒರೆಸುತ್ತ ನಿಂತಿದ್ದಳು. ತಾನು ಕೂರುವುದಾಗಿ ಹೇಳಿದಳು. ನಿನಗೆ ಇಪ್ಪತ್ತೆಂಟು ಎಲ್ಲಿ ಬರುತ್ತದೆ ಎಂದೆ. ಚಿಕ್ಕಂದಿನಲ್ಲಿ ರಜೆಗೆ ಚಿಕ್ಕಮ್ಮನ ಮನೆಗೆ ಹೋದಾಗ ಅದನ್ನೇ ಆಡುತ್ತಿದ್ದರಂತೆ.

"ಇಷ್ಟು ವರ್ಷದಲ್ಲಿ ನಂಗೆ ಹೇಳೇ ಇಲ್ವಲ್ಲ," ಎಂದೆ.

"ನೀವು ಕೇಳೇ ಇಲ್ವಲ್ಲ," ಎಂದು ಹೇಳಿ, ನನ್ನ ಜಾಗದಲ್ಲಿ, ನನ್ನ ದಿಂಬಿಗೆ ಒರಗಿ ಕೂತುಕೊಂಡಳು.

ನನಗೆ ಬೆತ್ತದ ಕುರ್ಚಿ ಸಿಕ್ಕಿತು. ನ್ಯಾಯಪೀಠ ಮೊದಲು ಜಮಖಾನದ ಪಕ್ಕದಲ್ಲೇ ಇತ್ತು. ಅಲ್ಲಿಂದ ಎರಡು ಕೈ ಕಾಣುತ್ತಿದ್ದವು. ರತ್ನಪ್ರಭ ತಪ್ಪು ಎಲೆ ಇಳಿಸಿದಾಗಲೆಲ್ಲ ನನ್ನ ಬಾಯಿಂದ ತಾನಾಗಿ 'ಅಯ್ಯೋ' ಹೊರಡುತ್ತಿತ್ತು. ಅವಳು ಹೆಚ್ಚಾಗಿ ತಪ್ಪು ಎಲೆಯನ್ನೇ ಇಳಿಸುತ್ತಿದ್ದಳು. ನಿಮ್ಮ ಮುಖ ನೋಡಿದರೆ ನನ್ನ ಕೈಯಲ್ಲಿ ಏನಿದೆ ಎಂದು ಎಲ್ಲರಿಗೂ ತಿಳಿಯುತ್ತದೆ ಎಂದು ಅವಳೇ ದೂರು ಕೊಟ್ಟಳು. ಕುರ್ಚಿಯನ್ನು ಬಾಲ್ಕನಿಯ ಬಾಗಿಲಿಗೆ ಸರಿಸಿದರು. ಅಲ್ಲಿ ಕೂಲರಿನ ಗಾಳಿ ಬರುವುದಿಲ್ಲ.

ಹೇಗೂ ವಿವಾದ ಬರುತ್ತದೆ, ಆಗ ನೋಡಿಕೊಳ್ಳೋಣ ಎಂದು ಕಾದೆ. ಬರಲೇ ಇಲ್ಲ. ಅವಳು ಕೂಗುವ ಸರದಿ ತಪ್ಪಿಸಿದರೆ 'ಇರಲಿ ಬಿಡಿ ಅಕ್ಕ'. ಬಣ್ಣ ಇಟ್ಟುಕೊಂಡೇ ಇಲ್ಲವೆಂದರೆ 'ಪರವಾಗಿಲ್ಲ ಅಕ್ಕ'. ಇಳಿಸಿದ ಎಲೆಯನ್ನು ವಾಪಸು ತೆಗೆದುಕೊಂಡು ಇನ್ನೊಂದು ಇಳಿಸಿದರೆ ಮೂವರೂ ನಗುತ್ತಾರೆ. ಹಿಂದೊಮ್ಮೆ ನಾನು ಹೀಗೆ ಮಾಡಿದ್ದಕ್ಕೆ ಉತ್ತಯ್ಯನವರು ಕೋರ್ಟ್ ಮಾರ್ಷಲ್ ಪದ ಬಳಸಿದ್ದರು. ಎರಡು ಭಾನುವಾರ ನಾನು ಬಾಲ್ಕನಿಯ ಪಾರಿವಾಳಗಳಿಗೆ ಅಂಪೈರ್ ಆಗಿದ್ದೆ. ಅವುಗಳಲ್ಲೂ ಜಗಳವಿರಲಿಲ್ಲ.

ಮೂರನೆಯ ವಾರ ಅದು ನಡೆಯಿತು. ಉತ್ತಯ್ಯನವರೇ ಕೂಗಿ ತುರುಪು ಇಟ್ಟಿದ್ದರು. ನಡುವೆ ರತ್ನಪ್ರಭ ತುರುಪು ತೆಗೀರಿ ಎಂದಳು. ಅವರು ಮಗುಚಿದರು, ಕಳಾವರ್. ಅವಳು ನೋಡಿದಳು, 'ಓ ಇದೋ' ಎಂದಳು, ಒಂದು ಇಸ್ಪೀಟು ಎಂಟು ಎಸೆದಳು. ನಾಲ್ಕು ಸುತ್ತು ಕಳೆದ ಮೇಲೆ ಉತ್ತಯ್ಯನವರ ಎಲೆಯ ಮೇಲೆ ಕಳಾವರ್ ಗುಲಾಮನನ್ನು ತಂದು ಕೂರಿಸಿದಳು. ಅವರ ಆಟ ಬಿದ್ದುಹೋಯಿತು. ನಾಲ್ಕು ತಲೆಗಳು ಬಾಲ್ಕನಿಯ ಕಡೆ ತಿರುಗಿದವು.

ಸುಮ್ಮನಿರಬಹುದೆಂದು ತೀರ್ಪು ಕೊಟ್ಟರೆ ಅದು ನನ್ನ ಮೂಲ ಸಿದ್ಧಾಂತ, ಹೆಂಡತಿಗೂ ಸಂತೋಷ. ಆದರೆ ಉತ್ತಯ್ಯನವರು ಮತ್ತೆ ಬೂಟಿನ ದಾರ ಕಟ್ಟಿಕೊಂಡರೆ? ಈ ಸಲ ಹೋದರೆ ವಾಪಸು ಬರುವುದಿಲ್ಲ. ಅವರು ಹೋದರೆ ಗುಂಡಣ್ಣ ಹೋದ, ಜಮಖಾನ ಮಡಚಿ ಅಟ್ಟಕ್ಕೆ ಹೋಯಿತು. ಆಡದಿದ್ದರೂ ಪರವಾಗಿಲ್ಲ, ಆ ಸದ್ದು ಈ ಮನೆಯಲ್ಲಿ ಇರಬೇಕು. ಎದ್ದುನಿಂತೆ. ಕೇಳಿದವರು ಹೊಡೆಯಲೇಬೇಕು, ಹೊಡೆಯದ ಕಾರಣ ಈ ಆಟ ಉತ್ತಯ್ಯನವರದು ಎಂದು ಸಾರಿದೆ. ನನ್ನ ಬಾಯಿಂದ ನನ್ನ ಸಿದ್ಧಾಂತವನ್ನು ನಾನೇ ಕೊಂದೆ. ಹಾಸ್ಟೆಲಿನ ಹಳೆಯ ಗೆಳೆಯರು ಕಣ್ಣ ಮುಂದೆ ಬಂದು ಮುಖ ತಿರುಗಿಸಿದಂತಾಯಿತು.

ರತ್ನಪ್ರಭ ನನ್ನನ್ನು ನೋಡಿದಳು. ಹೊಸ ಸೀರೆ ಕೊಡಿಸದ ವರ್ಷ ಕೂಡ ಹಾಗೆ ನೋಡಿರಲಿಲ್ಲ.

ಆಗ ಉತ್ತಯ್ಯನವರು ನಕ್ಕರು. "ಬಿಡಿ ಮೂರ್ತಿಗಳೇ, ಅಷ್ಟು ಬಿಗಿ ಯಾಕೆ? ಅಕ್ಕ ತುರುಪು ಯಾವುದು ಅಂತ ನೋಡೋಕೆ ಕೇಳಿದ್ರು, ನೋಡಿದ್ರು. ಕೇಳಿದೋರೆಲ್ಲ ಹೊಡೀಲೇಬೇಕು ಅಂತ ಎಲ್ಲಿದೆ?"

"ಇದನ್ನೇ ನಾನು ಅವತ್ತು ಹೇಳಿದ್ದು," ಎಂದೆ.

"ಹೇಳಿದ್ರಿ," ಎಂದು ಅವರು ಒಪ್ಪಿಕೊಂಡರು. "ನೀವು ಹೇಳಿದ್ರೆ ಯಾಕೋ ಒಪ್ಪೋಕೆ ಮನಸ್ಸು ಬರಲ್ಲ."

ಇದರಲ್ಲಿ ದ್ವೇಷವಿರಲಿಲ್ಲ. ಹವಾಮಾನದ ಬಗ್ಗೆ ಹೇಳುವಷ್ಟು ಸಹಜವಾಗಿ ಹೇಳಿದರು, ಉಳಿದವರೂ ಹಾಗೆಯೇ ಕೇಳಿಸಿಕೊಂಡರು. ನಿಂತಲ್ಲೇ ನನಗೆ ಅರ್ಥವಾಯಿತು. ಇಷ್ಟು ವರ್ಷ ಅಸ್ಪಷ್ಟವಾಗಿದ್ದದ್ದು ಇಪ್ಪತ್ತೆಂಟರ ನಿಯಮವಲ್ಲ. ನಿಯಮ ತನ್ನ ಪಾಡಿಗೆ ತಾನಿತ್ತು. ಅದು ಯಾರಿಗೂ ಕಾಣದಂತೆ ಅದರ ಮೇಲೆ ನಾನು ಕೂತಿದ್ದೆ.

ಆಟ ರತ್ನಪ್ರಭಳಿಗೇ ಸಂದಿತು. ಎಲೆ ಕಲೆಸಿದ ಮೇಲೆ ವೆಂಕಟಸುಬ್ಬಯ್ಯ ಗಂಟಲು ಸರಿಪಡಿಸಿಕೊಂಡ. ಹತ್ತಿರದ ಸಂಬಂಧಿ ಕಕ್ಷಿಯಾಗಿರುವಾಗ ನ್ಯಾಯಾಧೀಶರು ಪೀಠದಿಂದ ಇಳಿಯಬೇಕಿತ್ತು, ಗಂಡನಾದವನು ಹೆಂಡತಿಯ ಪ್ರಕರಣದಲ್ಲಿ ತೀರ್ಪು ಕೊಟ್ಟದ್ದು ಸಹಜ ನ್ಯಾಯಕ್ಕೆ ವಿರುದ್ಧ ಎಂದ. ಅವನ ಬೆರಳು ಕೂಡ ನಾನು ಎತ್ತಿದಷ್ಟೇ ಎತ್ತರಕ್ಕೆ ಎದ್ದಿತ್ತು. ಮನೆಯ ಜಗಳವನ್ನು ಆಟಕ್ಕೆ ತರಬಾರದು ಎಂದು ಗುಂಡಣ್ಣ ಸೇರಿಸಿದ. ನನ್ನನ್ನು ಸರ್ವಾನುಮತದಿಂದ ಪೀಠದಿಂದ ಇಳಿಸಲಾಯಿತು. ಸರ್ವಾನುಮತದಲ್ಲಿ ನನ್ನ ಹೆಂಡತಿಯ ಮತವೂ ಇತ್ತು.

ಒಂದು ಲೆಕ್ಕದಲ್ಲಿ ನನಗೆ ಸಂತೋಷವೇ ಆಯಿತು. ಅಂಪೈರ್ ಅಲ್ಲದವನು ಆಡಬಹುದಲ್ಲ. ಹಾಗಾದರೆ ನಾನು ನನ್ನ ಜಾಗಕ್ಕೆ ಬರುತ್ತೇನೆ ಎಂದು ಒಂದು ಹೆಜ್ಜೆ ಮುಂದಿಟ್ಟೆ. ಯಾರೂ ಕದಲಲಿಲ್ಲ. ವೆಂಕಟಸುಬ್ಬಯ್ಯ ಫ್ಯಾನು ನೋಡಿದ. ಉತ್ತಯ್ಯನವರು ಗಡಿಯಾರ ನೋಡಿದರು. ರತ್ನಪ್ರಭ ಹೊಸದಾಗಿ ಹಂಚಿದ ಎಲೆಗಳನ್ನು ಬಣ್ಣವಾರು ಜೋಡಿಸಿಕೊಳ್ಳುತ್ತಿದ್ದಳು. ಕೊನೆಯಲ್ಲಿ ಮಾತಾಡಿದವನು ನಾನು, ಆದ್ದರಿಂದ ಗುಂಡಣ್ಣನ ಕಡೆ ಆಸೆಯಿಂದ ನೋಡಿದೆ. ಅವನನ್ನು ಕಂಡ ದಿನದಿಂದ ಮೊಟ್ಟಮೊದಲ ಬಾರಿಗೆ ಅವನು ಒಪ್ಪಲಿಲ್ಲ.

"ಇದು ನಾಲ್ಕು ಜನ ಆಡೋ ಆಟ ಅಲ್ವೇನ್ರೀ," ಎಂದಳು ರತ್ನಪ್ರಭ, ಎಲೆಗಳಿಂದ ತಲೆಯೆತ್ತದೆ.

ನಾನು ನಿಂತೇ ಇದ್ದೆ. ನನ್ನ ಸ್ಥಿತಿ ನೋಡಿ ಗುಂಡಣ್ಣನ ಕರುಳು ಕರಗಿತು. ಬಹಳ ಯೋಚನೆ ಮಾಡಿ, ಸಾರ್ ಬೇಕಾದರೆ ಎಲೆ ಕಲೆಸಿಕೊಡಲಿ, ಹಂಚುವುದನ್ನು ನಾವು ಹಂಚಿಕೊಳ್ಳುತ್ತೇವೆ ಎಂದ. ಎಲ್ಲರಿಗೂ ಅದು ನ್ಯಾಯವೆನಿಸಿತು. ನನಗೂ, ದೇವರಾಣೆ, ಆ ಹೊತ್ತಿನಲ್ಲಿ ಉಪಕಾರವೆನಿಸಿತು. ಜಮಖಾನದ ಅಂಚಿನಲ್ಲಿ ಒಂದು ಮೂಲೆ ಬಿಟ್ಟುಕೊಟ್ಟರು. ಅಲ್ಲಿಗೆ ಕೂಲರಿನ ಗಾಳಿಯೂ ಸ್ವಲ್ಪ ಬರುತ್ತದೆ.

ಈಗ ಪ್ರತಿ ಭಾನುವಾರ ನಾನು ಎಲೆ ಕಲೆಸುತ್ತೇನೆ. ಗುಲಾಮರು ಒಂಬತ್ತುಗಳು ಎಕ್ಕಗಳು ಎಲ್ಲ ನನ್ನ ಬೆರಳುಗಳ ನಡುವೆಯೇ ಹಾದು ಹೋಗುತ್ತವೆ, ಒಂದೂ ನಿಲ್ಲುವುದಿಲ್ಲ. ಚೆನ್ನಾಗಿ ಕಲೆಸುತ್ತೀರಿ ಎಂದು ಉತ್ತಯ್ಯನವರು ಒಂದು ದಿನ ಹೊಗಳಿದರು. ಆ ಹೊಗಳಿಕೆಗೆ ನಾನು ಉಬ್ಬಲಿಲ್ಲ, ಅಷ್ಟು ಬುದ್ಧಿ ಬಂದಿದೆ. ಆದರೆ ಹೋದ ಭಾನುವಾರ ಆಟವೆಲ್ಲ ಮುಗಿದ ಮೇಲೆ ವೆಂಕಟಸುಬ್ಬಯ್ಯ ಅದಕ್ಕೂ ಒಂದು ಆಕ್ಷೇಪಣೆ ಎತ್ತಿದ. ಕಲೆಸುವಾಗ ನಾನು ಎಲೆಗಳನ್ನು ನೋಡುತ್ತೇನಂತೆ, ಕಕ್ಷಿಯೊಬ್ಬರ ಗಂಡನಾದವನು ಹಾಗೆ ನೋಡಬಹುದೋ ಬಾರದೋ, ನಿಯಮ ಸ್ಪಷ್ಟವಿಲ್ಲವಂತೆ. ಬಾರದು ಎಂದು ರತ್ನಪ್ರಭ ಅಲ್ಲೇ ಸ್ಪಷ್ಟಪಡಿಸಿದಳು. ಈಗ ಕಣ್ಣು ಮುಚ್ಚಿಕೊಂಡು ಕಲೆಸುತ್ತಿದ್ದೇನೆ.